ನೀರು ಬಡಿದರೆ ಅದೂ ಸಂಗೀತವಾ? ಟಾನ್ ಡುನ್ ಬಗ್ಗೆ ಒಂದು ಪ್ರಶ್ನೆ

ಪ್ರಶ್ನೆ: ಚೀನಾದ ಸಂಯೋಜಕ ಟಾನ್ ಡುನ್ ಅವರ ಕೃತಿಯ ವಿಡಿಯೊ ನೋಡಿದೆ. ದೊಡ್ಡ ಆರ್ಕೆಸ್ಟ್ರಾದ ಮುಂದೆ ಒಬ್ಬರು ನಿಂತು ಬೋಗುಣಿಯಲ್ಲಿ ನೀರು ತಟ್ಟುತ್ತಿದ್ದರು. ಇನ್ನೊಂದರಲ್ಲಿ ಕಾಗದ ಹರಿಯುತ್ತಿದ್ದರು. ಇದನ್ನೂ ಶಾಸ್ತ್ರೀಯ ಸಂಗೀತ ಅಂತಾರಾ? ಇಲ್ಲ, ಸುಮ್ನೆ ಜನರ ಗಮನ ಸೆಳೆಯೋ ಗಿಮಿಕ್ಕಾ?

ಉತ್ತರ: ನೀರಿನ ಕೃತಿ ಗಿಮಿಕ್ ಅಲ್ಲ. ಅವರು ಮಾಡಿದ್ದಕ್ಕೆಲ್ಲ ಇದೇ ಮಾತು ಹೇಳುವ ಧೈರ್ಯ ಮಾತ್ರ ನನಗಿಲ್ಲ. ಯಾಕೆ ಅಂತ ಕೊನೆಗೆ ಹೇಳುತ್ತೇನೆ.

ನೀವು ಮೊದಲು ನೋಡಿದ್ದು 'ವಾಟರ್ ಕನ್ಸರ್ಟೊ' ಇರಬೇಕು. 1998ರಲ್ಲಿ ಬರೆದದ್ದು. ಮರುವರ್ಷ ನ್ಯೂಯಾರ್ಕ್ ಫಿಲ್‌ಹಾರ್ಮೊನಿಕ್ ಇದನ್ನು ಮೊದಲ ಸಲ ನುಡಿಸಿತು. ಆರ್ಕೆಸ್ಟ್ರಾವನ್ನು ಮುನ್ನಡೆಸಿದ ಕಂಡಕ್ಟರ್ ಕರ್ಟ್ ಮಾಜೂರ್. ನೀರಿನ ಮುಂದೆ ನಿಂತವರು ಅದೇ ಆರ್ಕೆಸ್ಟ್ರಾದ ತಾಳವಾದ್ಯಗಾರ ಕ್ರಿಸ್ಟೊಫರ್ ಲ್ಯಾಂಬ್. ಜಪಾನಿನ ಸಂಯೋಜಕ ತೊರು ತಾಕೆಮಿತ್ಸು 1996ರಲ್ಲಿ ತೀರಿಕೊಂಡಿದ್ದರು. ಅವರ ನೆನಪಿಗೆ ಅಂತ ಬರೆದ ಕೃತಿ ಇದು. ಕನ್ಸರ್ಟೊ ಅಂದರೆ ಒಬ್ಬ ಮುಖ್ಯ ವಾದಕ, ಅವನ ಎದುರು ಒಂದು ಆರ್ಕೆಸ್ಟ್ರಾ. ಇಬ್ಬರ ನಡುವೆ ಮಾತುಕತೆ, ಜಗಳ, ರಾಜಿ. ಪಿಯಾನೊ, ವಯೊಲಿನ್‌ಗಳಿಗೆ ನೂರಾರು ವರ್ಷಗಳಿಂದ ಸಿಗುತ್ತಿದ್ದ ಆ ಜಾಗವನ್ನು ಟಾನ್ ಡುನ್ ನೀರಿಗೆ ಕೊಟ್ಟರು. ಅಷ್ಟೇ. ಮಿಕ್ಕ ಚೌಕಟ್ಟು ಹಳೆಯದೇ.

ನೀರು ತಟ್ಟುವುದು ಅಂದರೆ ಮನಸ್ಸಿಗೆ ಬಂದ ಹಾಗೆ ತಟ್ಟುವುದಲ್ಲ. ಲಯವನ್ನು ಸ್ಕೋರಿನಲ್ಲಿ, ಅಂದರೆ ಸ್ವರಲಿಪಿಯಲ್ಲಿ, ಬರೆದಿರುತ್ತಾರೆ. ಎಲ್ಲಿ ಅಂಗೈ, ಎಲ್ಲಿ ಬೆರಳು, ಎಲ್ಲಿ ಲೋಟ ಮುಳುಗಿಸಬೇಕು ಅಂತ ವಾದಕ ಕಲಿತೇ ವೇದಿಕೆಗೆ ಬರಬೇಕು. ನೀರಿನ ಮೇಲೆ ಮರದ ಬೋಗುಣಿ ಬೋರಲು ಹಾಕಿ ಬಡಿದರೆ ಕೆಳಸ್ಥಾಯಿಯ ಚರ್ಮವಾದ್ಯದಂಥ ಸದ್ದು. ಕಂಚಿನ ಗಾಂಗ್ ಬಾರಿಸಿ ನಿಧಾನವಾಗಿ ನೀರಿಗಿಳಿಸಿದರೆ ಸ್ವರ ಜಾರುತ್ತಾ ಕೆಳಗೆ ಬರುತ್ತದೆ. ನೀರಿನ ಭಾರ ಸೇರಿ ಲೋಹದ ಕಂಪನ ನಿಧಾನವಾಗುವುದರಿಂದ ಹೀಗಾಗುತ್ತದೆ. ವಾಟರ್‌ಫೋನ್ ಅಂತ ಇನ್ನೊಂದಿದೆ, ಸುತ್ತ ಸರಳುಗಳಿರುವ ಸ್ಟೀಲ್ ಪಾತ್ರೆ. ಒಳಗೆ ಸ್ವಲ್ಪ ನೀರು ಹಾಕಿ ಸರಳುಗಳ ಮೇಲೆ ಕಮಾನು ಎಳೆಯುತ್ತಾರೆ. ದೆವ್ವದ ಸಿನಿಮಾಗಳಲ್ಲಿ ಮೈ ಜುಂ ಅನ್ನಿಸುವ ಸದ್ದು ಎಷ್ಟೋ ಸಲ ಇದರದ್ದೇ. ಬೋಗುಣಿಗಳ ಹತ್ತಿರ ಮೈಕ್ ಇಟ್ಟಿರುತ್ತಾರೆ. ಇಲ್ಲದಿದ್ದರೆ ಕೈಯಿಂದ ತೊಟ್ಟಿಕ್ಕುವ ಹನಿ ಹಿಂದಿನ ಸಾಲಿಗೆ ಕೇಳುವುದುಂಟೇ? ಕೆಲವು ಕಡೆ ವಾದಕರ ಮನೋಧರ್ಮಕ್ಕೂ ಜಾಗ ಬಿಟ್ಟಿದ್ದಾರೆ.

ನಮ್ಮಲ್ಲೂ ಜಲತರಂಗ ಇದೆಯಲ್ಲ, ಇದೇನು ಹೊಸದು ಅನ್ನಿಸಬಹುದು. ಜಲತರಂಗದಲ್ಲಿ ನುಡಿಯುವುದು ಪಿಂಗಾಣಿ ಬಟ್ಟಲು. ನೀರು ಶ್ರುತಿ ಕೂಡಿಸಲು ಮಾತ್ರ. ಟಾನ್ ಡುನ್ ಕೃತಿಯಲ್ಲಿ ನೀರು ತಾನೇ ನುಡಿಯುತ್ತದೆ. ಅದಕ್ಕೆ ಸ್ಥಿರ ಶ್ರುತಿ ಇಲ್ಲ, ಹಿಡಿದ ಸ್ವರ ಅದರಲ್ಲಿ ನಿಲ್ಲುವುದಿಲ್ಲ. ಆ ತೊಂದರೆಯನ್ನೇ ಅವರು ಕೃತಿಯ ವಿಷಯ ಮಾಡಿಕೊಂಡರು. ನೀರು ಜಾರಿದ ಕಡೆಗೆ ತಂತಿವಾದ್ಯಗಳೂ ಜಾರುತ್ತವೆ, ಹಿತ್ತಾಳೆಯ ವಾದ್ಯಗಳು ಗುಟುರು ಹಾಕುತ್ತವೆ. ಇಡೀ ಆರ್ಕೆಸ್ಟ್ರಾ ನೀರಿನಿಂದ ಪಾಠ ಹೇಳಿಸಿಕೊಳ್ಳುತ್ತಿರುವ ಹಾಗೆ ಕೇಳುತ್ತದೆ.

ಇದು ಅವರ ತಲೆಗೆ ಎಲ್ಲಿಂದ ಬಂತು? ಅದಕ್ಕೆ ಹುನಾನ್‌ಗೆ ಹೋಗಬೇಕು. ಟಾನ್ ಡುನ್ ಹುಟ್ಟಿದ್ದು 1957ರಲ್ಲಿ, ದಕ್ಷಿಣ ಚೀನಾದ ಹುನಾನ್ ಪ್ರಾಂತ್ಯದ ಚಾಂಗ್‌ಶಾ ಬಳಿಯ ಹಳ್ಳಿಯಲ್ಲಿ. ಬೆಳೆಸಿದ್ದು ಅಜ್ಜಿ. ಹೆಂಗಸರು ನದಿಯಲ್ಲಿ ಬಟ್ಟೆ ಒಗೆಯುವುದು, ಅಕ್ಕಿ ತೊಳೆಯುವುದು ಅವರ ಬಾಲ್ಯದ ಸದ್ದುಗಳು. ಇನ್ನೊಂದು ಕಡೆ ಊರಿನ ಮಾಂತ್ರಿಕರ ಆಚರಣೆಗಳು. ಸಾವು, ಮದುವೆ ಎರಡಕ್ಕೂ ಹಾಡು, ಕುಣಿತ. ಸತ್ತವರೊಂದಿಗೆ, ಕಲ್ಲಿನೊಂದಿಗೆ, ನೀರಿನೊಂದಿಗೆ ಮಾತಾಡುವ ಪದ್ಧತಿ. ನಮ್ಮ ಕರಾವಳಿಯ ಓದುಗರಿಗೆ ಇದನ್ನು ಜಾಸ್ತಿ ಬಿಡಿಸಿ ಹೇಳಬೇಕಿಲ್ಲ.

ಒಂಬತ್ತು ವರ್ಷವಾಗುವ ಹೊತ್ತಿಗೆ, 1966ರಲ್ಲಿ, ಹಳೆಯದನ್ನೆಲ್ಲ ಅಳಿಸಲು ಹೊರಟ ಮಾವೊನ ಸಾಂಸ್ಕೃತಿಕ ಕ್ರಾಂತಿ ಶುರುವಾಯಿತು. ಮಾಂತ್ರಿಕರೂ ಬೇಡ, ಬೀಥೋವನ್ನೂ ಬೇಡ. ಲಕ್ಷಾಂತರ ನಗರದ ಹುಡುಗರನ್ನು ಹಳ್ಳಿಗೆ ದುಡಿಯಲು ಕಳಿಸಿದ ಹಾಗೆ ಇವರನ್ನೂ ಒಂದು ಕಮ್ಯೂನಿಗೆ, ಅಂದರೆ ಸಾಮೂಹಿಕ ಬೇಸಾಯದ ಊರಿಗೆ, ಭತ್ತ ನಾಟಿ ಮಾಡಲು ಕಳಿಸಿದರು. ಅಲ್ಲಿ ಅವರು ರೈತರ ಹಾಡು ಕಲಿತರು. ಹಳ್ಳಿಯವರನ್ನೇ ಕಟ್ಟಿಕೊಂಡು ಕೈಗೆ ಸಿಕ್ಕ ಪಾತ್ರೆಪಡಗ ಬಾರಿಸುವ ತಂಡ ಮಾಡಿದರು. ವಾದ್ಯ ಸಿಗದ ಕಾಲದಲ್ಲಿ ಸಿಕ್ಕಿದ್ದೇ ವಾದ್ಯ. ಮುಂದೆ ನ್ಯೂಯಾರ್ಕಿನಲ್ಲಿ ಜನ ಬೆರಗಿನಿಂದ ನೋಡಿದ್ದು ಇದನ್ನೇ.

ಅವರನ್ನು ಗದ್ದೆಯಿಂದ ಹೊರತಂದದ್ದು ಒಂದು ದುರಂತ. ಪೀಕಿಂಗ್ ಆಪೆರಾ ಅನ್ನುವ ಚೀನೀ ಸಂಗೀತ ನಾಟಕದ ತಂಡವೊಂದರ ದೋಣಿ ಮಗುಚಿ ಹಲವು ಕಲಾವಿದರು ನೀರುಪಾಲಾದರು. ಖಾಲಿಯಾದ ಜಾಗ ತುಂಬಲು ಈ ಹುಡುಗನನ್ನು ಕರೆದರು. ಪಿಟೀಲು ನುಡಿಸುವುದು, ಹಾಡುಗಳನ್ನು ವಾದ್ಯಗಳಿಗೆ ಹೊಂದಿಸುವುದು ಕೆಲಸ. ನೀರಿನ ಬಗ್ಗೆ ಬರೆದವನ ಬದುಕಿನಲ್ಲಿ ನೀರು ಹೀಗೂ ಬಂತು ಅನ್ನುವುದು ನೆನಪಿರಲಿ. ವಾಟರ್ ಕನ್ಸರ್ಟೊ ಕೇಳುವಾಗ ಅದು ಬರೀ ಆಟದ ಹಾಗೆ ಅನ್ನಿಸದಿರಲು ನನಗೆ ಇದೂ ಒಂದು ಕಾರಣ.

ಮಾವೊ 1976ರಲ್ಲಿ ತೀರಿಕೊಂಡ ಮೇಲೆ ಕಾಲೇಜುಗಳು ಮತ್ತೆ ಪರೀಕ್ಷೆ ನಡೆಸಿದವು. ಬೀಜಿಂಗ್‌ನ ಸೆಂಟ್ರಲ್ ಕನ್ಸರ್ವೇಟರಿಗೆ 1978ರಲ್ಲಿ ಸೇರಿದ ಆ ಬ್ಯಾಚ್ ಇವತ್ತಿಗೂ ಹೆಸರುವಾಸಿ. ಟಾನ್ ಡುನ್, ಚೆನ್ ಚಿಗಾಂಗ್, ಚೆನ್ ಯಿ, ಜೌ ಲಾಂಗ್, ಗುವೊ ವೆನ್‌ಜಿಂಗ್, ಎಲ್ಲ ಒಂದೇ ಕಾಲದವರು. ವರ್ಷಗಟ್ಟಲೆ ಹಳ್ಳಿಗಳಲ್ಲಿ ದುಡಿದು ಬಂದವರು, ಇದ್ದಕ್ಕಿದ್ದ ಹಾಗೆ ಬಾರ್ಟೊಕ್, ಡೆಬ್ಯುಸಿಯಂಥ ಯುರೋಪಿನ ಸಂಯೋಜಕರನ್ನು ಕೇಳಿದರು. ಹಸಿದವರಿಗೆ ಊಟ ಸಿಕ್ಕ ಹಾಗಾಯಿತು. ಟಾನ್ ಡುನ್ ಅವರ ತಂತಿವಾದ್ಯ ಕ್ವಾರ್ಟೆಟ್ (ನಾಲ್ವರು ನುಡಿಸುವ ಕೃತಿ) 1983ರಲ್ಲಿ ಜರ್ಮನಿಯ ಡ್ರೆಸ್ಡೆನ್‌ನಲ್ಲಿ ಬಹುಮಾನ ಗೆದ್ದಿತು. ತಾಯ್ನಾಡಿನಲ್ಲಿ ಸಿಕ್ಕಿದ್ದು ಬೇರೆ. ಅದೇ ವರ್ಷ 'ಮಾನಸಿಕ ಮಾಲಿನ್ಯ' ವಿರುದ್ಧದ ಸರ್ಕಾರಿ ಅಭಿಯಾನ ನಡೆಯಿತು, ಅವರ ಸಂಗೀತಕ್ಕೆ ಕೆಲಕಾಲ ನಿಷೇಧ ಬಿತ್ತು.

1986ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದರು. ಅಲ್ಲಿನ ಗುರು ಚೌ ವೆನ್-ಚುಂಗ್, ಚೀನಾದಲ್ಲೇ ಹುಟ್ಟಿದವರು. ಅವರ ಗುರು ಎಡ್ಗಾರ್ ವಾರೆಸ್. 1931ರಲ್ಲೇ ಬರೀ ತಾಳವಾದ್ಯಗಳಿಗೆ, ಅದರಲ್ಲೂ ಸೈರನ್ ಸೇರಿಸಿ, ಕೃತಿ ಬರೆದಿದ್ದವರು. ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಈ ಗುರುಪರಂಪರೆಯಲ್ಲೇ ಇದೆ. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಒಳಗೆ 'ಯಾವ ಸದ್ದು ಸಂಗೀತ?' ಅನ್ನುವ ಜಗಳ ಟಾನ್ ಡುನ್ ಹುಟ್ಟುವ ಮೊದಲೇ ಶುರುವಾಗಿತ್ತು. ಅಮೆರಿಕದ ಸಂಯೋಜಕ ಜಾನ್ ಕೇಜ್ 1952ರಲ್ಲಿ ವಾದಕ ಏನೂ ನುಡಿಸದೆ ಕೂರುವ ಕೃತಿಯನ್ನೇ ಕೊಟ್ಟಿದ್ದರು. ನ್ಯೂಯಾರ್ಕಿನಲ್ಲಿ ಟಾನ್ ಡುನ್ ಈ ಕೇಜ್ ಪ್ರಭಾವಕ್ಕೆ ಸಿಕ್ಕರು. ಅಜ್ಜಿಯ ಊರಿನಲ್ಲಿ ನೋಡಿದ್ದಕ್ಕೂ ಅಮೆರಿಕದ ಹೊಸ ಸಂಗೀತಗಾರರು ಹೇಳುತ್ತಿದ್ದುದಕ್ಕೂ ತಾಳೆಯಾಯಿತು. 1994ರಲ್ಲಿ ಕ್ರೋನೊಸ್ ಕ್ವಾರ್ಟೆಟ್ ತಂಡ ಮತ್ತು ಪಿಪಾ ಅನ್ನುವ ಚೀನೀ ತಂತಿವಾದ್ಯದ ವಾದಕಿ ವು ಮಾನ್‌ಗೆ ಬರೆದ 'ಘೋಸ್ಟ್ ಆಪೆರಾ'ದಲ್ಲಿ ನೀರು, ಕಲ್ಲು, ಲೋಹ, ಕಾಗದ ನಾಲ್ಕೂ ಇವೆ. ಜೊತೆಗೆ ಬಾಖ್, ಚೀನೀ ಜನಪದ ಹಾಡು, ಶೇಕ್ಸ್‌ಪಿಯರ್‌ನ ಸಾಲುಗಳು. ಹೇಳುವಾಗ ಕಲಸುಮೇಲೋಗರ ಅನ್ನಿಸುತ್ತದೆ, ಕೇಳುವಾಗ ಅನ್ನಿಸುವುದಿಲ್ಲ.

ಜಗತ್ತಿಗೆಲ್ಲ ಹೆಸರು ತಂದದ್ದು ಸಿನಿಮಾ. ಆಂಗ್ ಲೀ ಅವರ 'ಕ್ರೌಚಿಂಗ್ ಟೈಗರ್, ಹಿಡನ್ ಡ್ರಾಗನ್' ಸಂಗೀತಕ್ಕೆ 2001ರಲ್ಲಿ ಆಸ್ಕರ್ ಬಂತು. ಚೆಲ್ಲೊ, ಅಂದರೆ ನೆಲಕ್ಕೂರಿ ನುಡಿಸುವ ದೊಡ್ಡ ಪಿಟೀಲು, ನುಡಿಸಿದ್ದು ಯೊ-ಯೊ ಮಾ. ಅದಕ್ಕೂ ಮೊದಲೇ, 1998ರಲ್ಲಿ, 'ಮಾರ್ಕೊ ಪೋಲೊ' ಆಪೆರಾಕ್ಕೆ ಸಂಯೋಜಕರಿಗೆ ಅಮೆರಿಕದಲ್ಲಿ ಕೊಡುವ ಗ್ರಾವೆಮೆಯರ್ ಪ್ರಶಸ್ತಿ ಸಿಕ್ಕಿತ್ತು. ಸಂಯೋಜಕರ ಲೋಕದಲ್ಲಿ ಅದರ ತೂಕ ಆಸ್ಕರ್‌ಗಿಂತ ಜಾಸ್ತಿ.

ನನಗೆ ಅವರ ಎಲ್ಲ ಕೆಲಸಕ್ಕಿಂತ ಹೆಚ್ಚು ಇಷ್ಟ 'ದ ಮ್ಯಾಪ್', ಚೆಲ್ಲೊ, ವಿಡಿಯೊ, ಆರ್ಕೆಸ್ಟ್ರಾ ಮೂರೂ ಸೇರಿದ ಕನ್ಸರ್ಟೊ. 2003ರಲ್ಲಿ ಬಾಸ್ಟನ್‌ನಲ್ಲಿ ಯೊ-ಯೊ ಮಾ ಮೊದಲು ನುಡಿಸಿದ್ದು. ಅದರ ಹಿಂದಿನ ಕಥೆ ಹೀಗಿದೆ. ವಿದ್ಯಾರ್ಥಿಯಾಗಿದ್ದಾಗ ಟಾನ್ ಡುನ್ ಪಶ್ಚಿಮ ಹುನಾನ್‌ನಲ್ಲಿ ಕಲ್ಲು ಬಾರಿಸುವ ಒಬ್ಬ ಮುದುಕನನ್ನು ನೋಡಿದ್ದರು. ಮತ್ತೆ ಬಂದು ಕಲಿಯುತ್ತೇನೆ ಅಂತ ಹೇಳಿ ಹೋದರು. ವರ್ಷಗಳು ಕಳೆದು ಹುಡುಕಿಕೊಂಡು ಬಂದಾಗ ಆತ ಇರಲಿಲ್ಲ, ಕಲೆಯೂ ಆತನ ಜೊತೆಗೇ ಹೋಗಿತ್ತು. ಹಾಗಾಗಿ ಮಿಯಾವೊ, ತುಜಿಯಾ, ಡಾಂಗ್ ಸಮುದಾಯಗಳ ಹಾಡುಗಾರರನ್ನು, ಎಲೆ ಊದುವವರನ್ನು ಅವರವರ ಊರಲ್ಲೇ ಚಿತ್ರೀಕರಿಸಿ ಪರದೆಯ ಮೇಲೆ ತಂದರು. ಪರದೆಯಲ್ಲಿ ಮಿಯಾವೊ ಹೆಂಗಸು ಬೆಟ್ಟದ ಈಚೆಯಿಂದ ಒಂದು ಸಾಲು ಹಾಡುತ್ತಾಳೆ. ಆ ಹಾಡಿನ ಪದ್ಧತಿಯಲ್ಲಿ ಆಚೆಯ ಬೆಟ್ಟದಿಂದ ಗಂಡಸು ಉತ್ತರ ಕೊಡಬೇಕು. ಇಲ್ಲಿ ವೇದಿಕೆಯ ಚೆಲ್ಲೊ ಕೊಡುತ್ತದೆ. ಆಕೆ ಎಷ್ಟೋ ಸಾವಿರ ಮೈಲಿ ದೂರ, ಆದರೂ ಸವಾಲ್ ಜವಾಬ್ ನಡೆಯುತ್ತದೆ. ಕೃತಿ ಬಾಸ್ಟನ್‌ನಲ್ಲೇ ಉಳಿಯಲಿಲ್ಲ. ಅದೇ ವರ್ಷ ಪಶ್ಚಿಮ ಹುನಾನ್‌ನ ಫೆಂಗ್‌ಹುವಾಂಗ್ ಪಟ್ಟಣಕ್ಕೆ ತಂದು, ಹೊಳೆಯ ಮೇಲೆ, ಆ ಸೀಮೆಯ ಜನರ ಮುಂದೆಯೇ ನುಡಿಸಿದರು.

ಈಗ ನನ್ನ ತಕರಾರು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಆಪೆರಾ 2006ರಲ್ಲಿ ಅವರ 'ದ ಫಸ್ಟ್ ಎಂಪರರ್' ಆಡಿಸಿತು. ಹಾಡಿದ್ದು ಪ್ಲಾಸಿಡೊ ಡೊಮಿಂಗೊ, ನಿರ್ದೇಶನ ಜಾಂಗ್ ಯಿಮೌ. ಟಿಕೆಟ್ ಭರ್ಜರಿ ಮಾರಾಟವಾದವು, ವಿಮರ್ಶಕರು ಮಾತ್ರ ಒಪ್ಪಲಿಲ್ಲ. ನನಗೂ ಅದು ಉದ್ದ, ನಿಧಾನ. ತೆರೆ ಎದ್ದಾಗಿನ ಕಲ್ಲು, ಡೋಲುಗಳ ಗಮ್ಮತ್ತು ಆಮೇಲೆ ಬರುವ ಹಾಡುಗಳಲ್ಲಿಲ್ಲ. ಕಾಗದದ್ದು, ಅಂದರೆ ನೀವು ನೋಡಿದ ಎರಡನೆಯದು, 2003ರ 'ಪೇಪರ್ ಕನ್ಸರ್ಟೊ'. ಲಾಸ್ ಏಂಜಲೀಸ್‌ನಲ್ಲಿ ಡಿಸ್ನಿ ಸಭಾಂಗಣ ಹೊಸದಾಗಿ ತೆರೆದಾಗ ಬರೆದದ್ದು. ಮಾಡಿನಿಂದ ಇಳಿಬಿದ್ದ ಉದ್ದದ ಕಾಗದಗಳು ನೋಡಲು ಚೆಂದ. ಕಣ್ಣು ಮುಚ್ಚಿ ಕೇಳಿದರೆ ಅರ್ಧ ಸ್ವಾರಸ್ಯ ಹೋಗುತ್ತದೆ. ನಿಮ್ಮ ಗಿಮಿಕ್ ಅನುಮಾನಕ್ಕೆ ಇಲ್ಲಿ ಸ್ವಲ್ಪ ಜಾಗ ಕೊಡಬಹುದು. ಚೀನಾದಲ್ಲೂ ಈ ಪ್ರಶ್ನೆ ಎದ್ದಿತ್ತು. 2001ರಲ್ಲಿ ಬೀಜಿಂಗ್‌ನ ಟಿವಿ ಕಾರ್ಯಕ್ರಮವೊಂದರಲ್ಲಿ ಹಿರಿಯ ಕಂಡಕ್ಟರ್ ಒಬ್ಬರು ಮುಖಕ್ಕೇ ಟೀಕಿಸಿದಾಗ ಟಾನ್ ಡುನ್ ಎದ್ದು ಹೋಗಿದ್ದರು.

ಕೇಳಲು ಶುರು ಮಾಡುವವರಿಗೆ ನಾನು ಹೇಳುವ ದಾರಿ ಇದು. ಮೊದಲು ವಾಟರ್ ಕನ್ಸರ್ಟೊವನ್ನು ವಿಡಿಯೊದಲ್ಲಿ ನೋಡಿ, ಆಮೇಲೆ ಪರದೆ ಆರಿಸಿ ಕಿವಿಯಲ್ಲಷ್ಟೇ ಕೇಳಿ. ಎರಡನೆಯ ಸಲವೂ ಹಿಡಿದು ಕೂರಿಸಿದರೆ ದ ಮ್ಯಾಪ್‌ಗೆ ಹೋಗಿ. 2018ರಲ್ಲಿ ಡ್ರೆಸ್ಡೆನ್‌ನಲ್ಲಿ ಮೊದಲ ಪ್ರದರ್ಶನ ಕಂಡ 'ಬುದ್ಧ ಪ್ಯಾಶನ್' ನಮ್ಮವರಿಗೆ ಬೇರೆ ಕಾರಣಕ್ಕೆ ಹತ್ತಿರವಾಗಬಹುದು. ದುನ್‌ಹುವಾಂಗ್‌ನ ಮೊಗಾವೊ ಬೌದ್ಧ ಗುಹೆಗಳ ಚಿತ್ರಗಳಿಂದ ಹುಟ್ಟಿದ ಕೃತಿ ಅದು. ಬುದ್ಧನ ಜಾತಕ ಕಥೆಗಳ ಜಿಂಕೆಯ ಕಥೆ ಇದೆ, ಚೀನೀ ಭಾಷೆಯ ಜೊತೆ ಸಂಸ್ಕೃತವೂ ಇದೆ. ಉದ್ದದ ಕೃತಿ, ಒಂದೇ ಕೂತಲ್ಲಿ ಮುಗಿಸಬೇಕಿಲ್ಲ. ಕಾಗದದ ಕನ್ಸರ್ಟೊ ಕೊನೆಗಿರಲಿ, ಅದನ್ನು ಕಣ್ಣು ಬಿಟ್ಟುಕೊಂಡೇ ನೋಡಿ.