5-ಎಚ್‌ಟಿ2ಬಿ: ಬೆಳೆಯಲು ಹೇಳುವ ರಿಸೆಪ್ಟರ್

ಸೆರೊಟೋನಿನ್ ಎಂದೊಡನೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಮಿದುಳು, ಮನಸ್ಸು, ಖಿನ್ನತೆಯ ಮಾತ್ರೆ. ಸದ್ಯಕ್ಕೆ ಅವನ್ನು ಪಕ್ಕಕ್ಕಿಡಿ. ಈ ಟಿಪ್ಪಣಿಯ ಕಥೆ ಬಹುಪಾಲು ನಡೆಯುವುದು ಹೃದಯದ ಕವಾಟಗಳಲ್ಲಿ. 5-ಎಚ್‌ಟಿ ಎಂಬುದು ಸೆರೊಟೋನಿನ್‌ನ ಇನ್ನೊಂದು ಹೆಸರು, ಕೋಶದ ಮೇಲೆ ಕೂತು ಅದರ ಸಂದೇಶ ಹಿಡಿಯುವ ಪ್ರೋಟೀನ್‌ಗಳೇ ರಿಸೆಪ್ಟರ್‌ಗಳು. ಪಠ್ಯಪುಸ್ತಕಗಳು 5-ಎಚ್‌ಟಿ2ಬಿ ರಿಸೆಪ್ಟರ್‌ಗೆ ಒಂದೆರಡು ಸಾಲು ಕೊಟ್ಟು ಮುಂದೆ ಹೋಗುತ್ತವೆ. ಪರೀಕ್ಷೆಗೆ ಬರುವುದು ಇದರ ಬಳಗದ 2ಎ, 3, 4 ಮಾತ್ರ ಎಂದುಕೊಂಡು ನಾನೂ ಮೊದಲ ಓದಿನಲ್ಲಿ ಇದನ್ನು ಹಾರಿಸಿದ್ದೆ. ಹೊಸ ಔಷಧ ರೂಪಿಸುವವರು ತಮ್ಮ ಅಣು ಅಪ್ಪಿತಪ್ಪಿಯೂ ಮುಟ್ಟಬಾರದು ಎಂದು ಹೆದರುವ ರಿಸೆಪ್ಟರ್‌ಗಳಲ್ಲಿ ಇದೂ ಒಂದು ಎಂದು ತಿಳಿದದ್ದು ಆಮೇಲೆ.

(ಕನ್ನಡ ಪುಸ್ತಕಗಳಲ್ಲಿ ಇದಕ್ಕೆ ‘ಗ್ರಾಹಕ’ ಎಂಬ ಪದವಿದೆ. ಅದು ಗಿರಾಕಿಗೂ ಸಲ್ಲುವ ಮಾತಾದ್ದರಿಂದ ನಾನು ರಿಸೆಪ್ಟರ್ ಎಂದೇ ಬರೆಯುತ್ತೇನೆ.)

ಮೊದಲು ಲೆಕ್ಕ ಸರಿಮಾಡಿಕೊಳ್ಳೋಣ

1948ರಲ್ಲಿ ರ‍್ಯಾಪೋರ್ಟ್, ಗ್ರೀನ್ ಮತ್ತು ಪೇಜ್ ರಕ್ತದ ಸೀರಮ್‌ನಿಂದ ರಕ್ತನಾಳಗಳನ್ನು ಬಿಗಿಗೊಳಿಸುವ ಒಂದು ವಸ್ತುವನ್ನು ಬೇರ್ಪಡಿಸಿದರು. ಸೀರಮ್‌ನಲ್ಲಿ ಸಿಕ್ಕಿತು, ನಾಳಕ್ಕೆ ಟೋನ್ ಕೊಡುತ್ತದೆ. ಹೀಗೆ ಸೆರೊಟೋನಿನ್ ಎಂಬ ಹೆಸರು ಬಂತು. ಮಿದುಳಿನ ನಂಟು ಗೊತ್ತಾದದ್ದು ಆಮೇಲಿನ ಮಾತು. ಮೈಯಲ್ಲಿರುವ ಸೆರೊಟೋನಿನ್‌ನ ಶೇ. 90ಕ್ಕೂ ಹೆಚ್ಚು ಭಾಗ ತಯಾರಾಗುವುದು ಕರುಳಿನ ಎಂಟರೊಕ್ರೊಮಾಫಿನ್ ಕೋಶಗಳಲ್ಲಿ. ಅದು ಮಿದುಳಿನ ತಡೆಗೋಡೆಯನ್ನು ದಾಟಲಾರದು, ಹಾಗಾಗಿ ಮಿದುಳು ತನಗೆ ಬೇಕಾದದ್ದನ್ನು ತಾನೇ ತಯಾರಿಸಿಕೊಳ್ಳುತ್ತದೆ. ಕರುಳಿನಲ್ಲಿ ಟಿಪಿಎಚ್1 ಕಿಣ್ವ, ಮಿದುಳಿನಲ್ಲಿ ಟಿಪಿಎಚ್2. ಎರಡು ಮನೆ, ಎರಡು ಒಲೆ.

ಇಲ್ಲಿ ಒಂದು ಸಂಗತಿಗೆ ಅಡಿಗೆರೆ ಎಳೆದುಕೊಳ್ಳಿ. ಕರುಳಿನಿಂದ ರಕ್ತಕ್ಕೆ ಬಂದ ಸೆರೊಟೋನಿನ್ ಅಲ್ಲಿ ಬಿಡಿಯಾಗಿ ತೇಲುತ್ತಿರುವುದಿಲ್ಲ. ಪ್ಲೇಟ್‌ಲೆಟ್‌ಗಳು ಅದನ್ನು ಹೀರಿ ಒಳಗಿಟ್ಟುಕೊಳ್ಳುತ್ತವೆ. ಉಳಿದದ್ದನ್ನು ಯಕೃತ್ತು ಮತ್ತು ಶ್ವಾಸಕೋಶಗಳು ಒಡೆದುಹಾಕುತ್ತವೆ. ಅಂದರೆ ಹೃದಯದ ಕವಾಟದ ಮೇಲೆ 2ಬಿ ರಿಸೆಪ್ಟರ್ ಇದ್ದರೂ ಆರೋಗ್ಯವಂತರಲ್ಲಿ ಅದಕ್ಕೆ ತಾಕುವ ಸೆರೊಟೋನಿನ್ ಬಲು ಕಡಿಮೆ. ಮುಂದೆ ಬರುವ ಕವಾಟದ ಕಾಯಿಲೆಗಳು ಈ ಏರ್ಪಾಡು ಕೆಟ್ಟಾಗ, ಇಲ್ಲವೇ ಇದನ್ನು ತಪ್ಪಿಸಿಕೊಂಡ ಅಣುವೊಂದು 2ಬಿಯನ್ನು ತಟ್ಟಿದಾಗ ಆಗುವಂಥವು.

ಕೋಶದೊಳಗೆ

ಸೆರೊಟೋನಿನ್ ರಿಸೆಪ್ಟರ್‌ಗಳಲ್ಲಿ ಏಳು ಕುಟುಂಬಗಳಿವೆ. 5-ಎಚ್‌ಟಿ3 ಒಂದು ಅಯಾನ್ ಚಾನೆಲ್, ಅಂದರೆ ವಿದ್ಯುದಂಶವುಳ್ಳ ಕಣಗಳನ್ನು ಕೋಶದೊಳಗೆ ಬಿಡುವ ಬಾಗಿಲು. ಉಳಿದವೆಲ್ಲ ಸಂದೇಶವನ್ನು ಒಳಗೆ ದಾಟಿಸುವ ಜಿ-ಪ್ರೋಟೀನ್ ಜೊತೆ ಕೆಲಸ ಮಾಡುವಂಥವು. ಎರಡನೆಯ ಕುಟುಂಬದಲ್ಲಿ ಎ, ಬಿ, ಸಿ ಎಂದು ಮೂವರು. ಇಲಿಯ ಹೊಟ್ಟೆಯ ಮೇಲ್ಭಾಗದ ಪಟ್ಟಿಯೊಂದನ್ನು ದ್ರಾವಣದಲ್ಲಿ ತೂಗುಹಾಕಿ, ಸೆರೊಟೋನಿನ್ ಹಾಕಿದಾಗ ಅದು ಎಷ್ಟು ಸಂಕೋಚಗೊಳ್ಳುತ್ತದೆ ಎಂದು ಅಳೆಯುವ ವಿಧಾನವನ್ನು ಜಾನ್ ವೇನ್ 1957ರಲ್ಲಿ ಪ್ರಕಟಿಸಿದ್ದರು. ಆ ಪಟ್ಟಿಯನ್ನು ಎಳೆಯುತ್ತಿದ್ದದ್ದು ಇದೇ 2ಬಿ. ಅದರ ಜೀನ್ ಕೈಗೆ ಸಿಕ್ಕಿದ್ದು ಮಾತ್ರ 1992ರಲ್ಲಿ. ಮನುಷ್ಯರಲ್ಲಿ ಎಚ್‌ಟಿಆರ್2ಬಿ ಜೀನ್ ಎರಡನೆಯ ಕ್ರೋಮೋಸೋಮ್‌ನಲ್ಲಿದೆ, ಪ್ರೋಟೀನ್ 481 ಅಮೈನೋ ಆಮ್ಲಗಳದ್ದು.

ಸಂಕೇತದ ದಾರಿ, ಅಂದರೆ ರಿಸೆಪ್ಟರ್ ಹಿಡಿದ ಸುದ್ದಿಯನ್ನು ಕೋಶದೊಳಗೆ ಒಂದರಿಂದೊಂದಕ್ಕೆ ದಾಟಿಸುವ ಅಣುಗಳ ಸಾಲು, ವಿದ್ಯಾರ್ಥಿಗಳಿಗೆಲ್ಲ ಬಾಯಿಪಾಠ: ಜಿಕ್ಯೂ, ಫಾಸ್ಫೊಲೈಪೇಸ್ ಸಿ, ಐಪಿ3, ಡಿಎಜಿ, ಕ್ಯಾಲ್ಸಿಯಂ. ಇಷ್ಟು ಬರೆದರೆ ಅಂಕ ಸಿಗುತ್ತದೆ, ಆದರೆ 2ಬಿ ಏಕೆ ಅಪಾಯಕಾರಿ ಎಂಬುದು ಇದರಿಂದ ತಿಳಿಯುವುದಿಲ್ಲ. ಅದೇ ರಿಸೆಪ್ಟರ್ ಎಸ್‌ಆರ್‌ಸಿ ಮತ್ತು ಇಆರ್‌ಕೆ ಎಂಬ ಕಿಣ್ವಗಳ ಇನ್ನೊಂದು ಸಾಲನ್ನೂ ಎಬ್ಬಿಸುತ್ತದೆ. ಅದು ಕೋಶಕ್ಕೆ ‘ವಿಭಜನೆಯಾಗು, ಬೆಳೆ’ ಎಂದು ಹೇಳುವ ಸಾಲು. ನನ್ನ ಮಟ್ಟಿಗೆ ಇಡೀ ಪಾಠದ ಕೀಲಿ ಇದೇ.

ಭ್ರೂಣದಲ್ಲಿ ಈ ಮಾತು ಬೇಕೇ ಬೇಕು. ಈ ಜೀನ್ ತೆಗೆದುಹಾಕಿದ ಇಲಿಮರಿಗಳ ಬಗ್ಗೆ 2000ದಲ್ಲಿ ವರದಿ ಬಂತು. ಹಲವು ಮರಿಗಳು ಹೃದಯ ಸರಿಯಾಗಿ ರೂಪುಗೊಳ್ಳದೆ ಗರ್ಭದಲ್ಲೇ ಸತ್ತವು. ಹುಟ್ಟಿ ಬದುಕಿದವುಗಳಲ್ಲೂ ಹೃದಯದ ಗೋಡೆ ದುರ್ಬಲವಾಗಿತ್ತು. ಕಟ್ಟುವಾಗ ಬೇಕಾದ ಮೇಸ್ತ್ರಿ, ಕಟ್ಟಡ ಮುಗಿದ ಮೇಲೂ ಇಟ್ಟಿಗೆ ಇಡುತ್ತಲೇ ಇದ್ದರೆ?

ಫೆನ್-ಫೆನ್

ಫೆನ್‌ಫ್ಲುರಮೀನ್ ಹಸಿವು ತಗ್ಗಿಸುವ ಮಾತ್ರೆ, ಅಮೆರಿಕದಲ್ಲಿ 1973ರಲ್ಲಿ ಒಪ್ಪಿಗೆ ಪಡೆದದ್ದು. ಅದರ ಜೊತೆ ಫೆಂಟರ್‌ಮೀನ್ ಸೇರಿಸಿ ಕೊಟ್ಟರೆ ತೂಕ ಚೆನ್ನಾಗಿ ಇಳಿಯುತ್ತದೆ ಎಂದು 1990ರ ದಶಕದಲ್ಲಿ ಫೆನ್-ಫೆನ್ ಎಂಬ ಈ ಜೋಡಿ ಅಲ್ಲಿ ಭಾರೀ ಜನಪ್ರಿಯವಾಯಿತು. 1997ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನ ವೈದ್ಯರು 24 ಮಹಿಳೆಯರ ವಿವರ ಪ್ರಕಟಿಸಿದರು. ಎಲ್ಲರೂ ಈ ಜೋಡಿಯನ್ನು ಸರಾಸರಿ ಒಂದು ವರ್ಷ ನುಂಗಿದವರು, ಎಲ್ಲರಿಗೂ ಕವಾಟದ ತೊಂದರೆ. ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಕವಾಟಗಳು ಬೆಳ್ಳಗೆ ಹೊಳೆಯುತ್ತಿದ್ದವು. ಕವಾಟದ ಮೂಲ ರಚನೆ ಒಳಗೆ ಹಾಗೇ ಇದೆ, ಅದರ ಮೇಲೆ ಯಾರೋ ಮೆತ್ತಿದಂತೆ ನಾರಿನ ಪದರ ಕೂತಿದೆ. ಎಸಳುಗಳು ದಪ್ಪವಾಗಿ, ಗಡುಸಾಗಿ, ಪೂರ್ತಿ ಮುಚ್ಚಿಕೊಳ್ಳದೆ ರಕ್ತ ಹಿಂದಕ್ಕೆ ಸೋರುತ್ತದೆ. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಫೆನ್‌ಫ್ಲುರಮೀನ್ ಮಾರುಕಟ್ಟೆಯಿಂದ ಹೊರಬಿತ್ತು. ಫೆಂಟರ್‌ಮೀನ್ ಉಳಿಯಿತು, ಇಂದಿಗೂ ಬಳಕೆಯಲ್ಲಿದೆ.

ತಪ್ಪಿತಸ್ಥ ಸಿಕ್ಕಿದ್ದು 2000ದಲ್ಲಿ. ಫೆನ್‌ಫ್ಲುರಮೀನ್ ತಾನಾಗಿ 2ಬಿಯನ್ನು ಅಷ್ಟಾಗಿ ಎಬ್ಬಿಸುವುದಿಲ್ಲ. ಯಕೃತ್ತು ಅದನ್ನು ನಾರ್‌ಫೆನ್‌ಫ್ಲುರಮೀನ್ ಆಗಿ ಮಾರ್ಪಡಿಸುತ್ತದೆ, ಆ ಮರಿ ಅಣು 2ಬಿಯ ಪ್ರಬಲ ಅಗೊನಿಸ್ಟ್, ಅಂದರೆ ಅದನ್ನು ಎಬ್ಬಿಸುವಂಥದು. ಇದು ಪ್ಲೇಟ್‌ಲೆಟ್ ಸೇರಿ ಅಡಗುವಂಥದಲ್ಲ, ದಿನವಿಡೀ ಕವಾಟದ ಕೋಶಗಳನ್ನು ತಟ್ಟುತ್ತಲೇ ಇರುತ್ತದೆ. ಆ ಕೋಶಗಳು ಮಯೊಫೈಬ್ರೊಬ್ಲಾಸ್ಟ್‌ಗಳಾಗಿ (ನಾರು ಹೆಣೆಯುವ ಕೋಶಗಳಾಗಿ) ಬದಲಾಗಿ ಕೊಲಾಜೆನ್ ಎಂಬ ನಾರಿನ ಪ್ರೋಟೀನ್ ಸುರಿಯುತ್ತವೆ. ಔಷಧಿಯನ್ನು ಪರೀಕ್ಷಿಸಿದರೆ ಸಾಲದು, ಅದು ಮೈಯಲ್ಲಿ ಏನಾಗುತ್ತದೋ ಅದನ್ನೂ ಪರೀಕ್ಷಿಸಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಈ ಸುಳಿವು ಹಿಡಿದು ಹಳೆಯ ಕಡತಗಳನ್ನು ತೆರೆದರೆ ಎಲ್ಲ ಒಂದಕ್ಕೊಂದು ಕೂಡಿಕೊಳ್ಳುತ್ತದೆ. ಮೈಗ್ರೇನ್‌ಗೆ ಕೊಡುತ್ತಿದ್ದ ಮೆಥಿಸರ್ಜೈಡ್ ಮತ್ತು ಎರ್ಗೊಟಮೀನ್‌ನಿಂದ ಕವಾಟ ಕೆಡುವುದು ಮೊದಲೇ ಗೊತ್ತಿತ್ತು. ಪಾರ್ಕಿನ್ಸನ್ ಕಾಯಿಲೆಯ ಪರ್ಗೊಲೈಡ್ 2007ರಲ್ಲಿ ಅಮೆರಿಕದ ಮಾರುಕಟ್ಟೆ ಬಿಟ್ಟಿತು. ಅದೇ ಕಾಯಿಲೆಗೆ ದೊಡ್ಡ ಪ್ರಮಾಣದಲ್ಲಿ ಕೊಡುವ ಕ್ಯಾಬರ್ಗೊಲೀನ್ ಮೇಲೂ ಅದೇ ಆರೋಪ. ಎರಡೂ 2ಬಿ ಅಗೊನಿಸ್ಟ್‌ಗಳು. ಇವೆಲ್ಲ ಎರ್ಗಟ್ ಎಂಬ ಶಿಲೀಂಧ್ರದ ರಾಸಾಯನಿಕಗಳ ಬಳಗದವು. ಅದೇ ಬಳಗದ ಲಿಸುರೈಡ್ 2ಬಿಯನ್ನು ತಡೆಯುವಂಥದು, ಅದಕ್ಕೆ ಕವಾಟದ ಕಳಂಕ ಅಂಟಲಿಲ್ಲ. ಒಂದೇ ಬಳಗ, ಒಂದೇ ಕಾಯಿಲೆಗೆ ಮದ್ದು, ವ್ಯತ್ಯಾಸ ಈ ಒಂದು ರಿಸೆಪ್ಟರ್‌ನಲ್ಲಿ.

ಫ್ರಾನ್ಸ್‌ನ ಪ್ರಕರಣ ಹೆಚ್ಚು ಕಹಿ. ಬೆನ್‌ಫ್ಲುಯೊರೆಕ್ಸ್ ಎಂಬ ಮಾತ್ರೆ ಮೈಯೊಳಗೆ ಹೋಗಿ ಅದೇ ನಾರ್‌ಫೆನ್‌ಫ್ಲುರಮೀನ್ ಆಗುತ್ತದೆ. ಆದರೂ ಅಲ್ಲಿ 2009ರವರೆಗೆ ಮಾರಾಟವಾಯಿತು. ಬ್ರೆಸ್ಟ್ ನಗರದ ಶ್ವಾಸಕೋಶ ತಜ್ಞೆ ಇರೆನ್ ಫ್ರಾಶೋನ್ ಪಟ್ಟು ಹಿಡಿದ ಮೇಲೆ ನಿಂತಿತು. 1997ರ ನಂತರದ ಆ ಹನ್ನೆರಡು ವರ್ಷಗಳಿಗೆ ವಿಜ್ಞಾನದ ಕೊರತೆ ಎಂಬ ನೆಪ ಹೇಳಲು ಬರುವುದಿಲ್ಲ.

ಬಲವೋ ಎಡವೋ

ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಕೇಳಲು ಹೇಳಿ ಮಾಡಿಸಿದ ಪ್ರಶ್ನೆ ಇದು. ಕರುಳಿನ ಕಾರ್ಸಿನಾಯ್ಡ್ ಗಡ್ಡೆ ಯಕೃತ್ತಿಗೆ ಹರಡಿದಾಗ ಸೆರೊಟೋನಿನ್ ಧಾರಾಳವಾಗಿ ರಕ್ತಕ್ಕೆ ಸುರಿಯುತ್ತದೆ. ಆಗ ಕೆಡುವುದು ಹೆಚ್ಚಾಗಿ ಬಲಗಡೆಯ ಟ್ರೈಕಸ್ಪಿಡ್ ಮತ್ತು ಪಲ್ಮನರಿ ಕವಾಟಗಳು. ಮಾತ್ರೆಗಳಿಂದಾದರೆ ಎಡಗಡೆಯ ಮೈಟ್ರಲ್, ಅಯೋರ್ಟಿಕ್ ಕವಾಟಗಳು ಎದ್ದು ಕಾಣುವಂತೆ ಕೆಡುತ್ತವೆ. ಏಕೆ? ಗಡ್ಡೆಯ ಸೆರೊಟೋನಿನ್ ಮೊದಲು ಬಲ ಹೃದಯಕ್ಕೆ ಬರುತ್ತದೆ, ಆಮೇಲೆ ಶ್ವಾಸಕೋಶ ಅದನ್ನು ಒಡೆದುಹಾಕುತ್ತದೆ, ಎಡಕ್ಕೆ ತಲುಪುವುದು ಅಲ್ಪ. ನಾರ್‌ಫೆನ್‌ಫ್ಲುರಮೀನ್‌ಗೆ ಶ್ವಾಸಕೋಶದಲ್ಲಿ ಅಂಥ ತಡೆಯಿಲ್ಲ. ಕಾರ್ಸಿನಾಯ್ಡ್ ಶಂಕೆ ಇದ್ದಾಗ 24 ಗಂಟೆಯ ಮೂತ್ರದಲ್ಲಿ 5-ಎಚ್‌ಐಎಎ ಅಳೆಯುತ್ತಾರಲ್ಲ, ಅದು ಒಡೆದುಹೋದ ಸೆರೊಟೋನಿನ್‌ನ ಅವಶೇಷವೇ.

ಬೇರೆ ಕಡೆ

ಶ್ವಾಸಕೋಶದ ರಕ್ತನಾಳಗಳಲ್ಲೂ ಇದೇ ‘ಬೆಳೆ’ ಎಂಬ ಆಜ್ಞೆ. ಆಮ್ಲಜನಕ ಕಡಿಮೆ ಮಾಡಿ ಇಟ್ಟ ಇಲಿಗಳಿಗೆ ಪಲ್ಮನರಿ ಹೈಪರ್‌ಟೆನ್ಷನ್, ಅಂದರೆ ಶ್ವಾಸಕೋಶದ ನಾಳಗಳಲ್ಲಿ ರಕ್ತದೊತ್ತಡ ಏರುವ ಕಾಯಿಲೆ, ಬರುತ್ತದೆ. 2ಬಿ ಇಲ್ಲದ ಇಲಿಗಳಿಗೆ ಬರಲಿಲ್ಲ ಎಂದು 2002ರಲ್ಲಿ ತೋರಿಸಿದರು. ಗರ್ಭ ಧರಿಸಿದ ಇಲಿಯ ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳು ಹೆಚ್ಚಲೂ ಇದೇ ರಿಸೆಪ್ಟರ್ ನೆರವಾಗುತ್ತದೆ, ಅಲ್ಲಿ ಅದು ಪುಣ್ಯದ ಕೆಲಸ.

ಮಿದುಳಿನ ವಿಷಯಕ್ಕೆ ಬಂದರೆ 2010ರ ಫಿನ್‌ಲೆಂಡ್ ಅಧ್ಯಯನವನ್ನು ಎಚ್ಚರದಿಂದ ಓದಬೇಕು. ಎಚ್‌ಟಿಆರ್2ಬಿ ಜೀನ್‌ನಲ್ಲಿ ಕ್ಯೂ20 ಎಂಬ ಜಾಗದಲ್ಲಿ ಪ್ರೋಟೀನ್ ಶುರುವಿನಲ್ಲೇ ನಿಂತುಹೋಗುವ ಮಾರ್ಪಾಡು ಅಲ್ಲಿನ ಜನರಲ್ಲಿದೆ. ಹಠಾತ್ ಹಿಂಸೆಗೆ ಇಳಿದು ಶಿಕ್ಷೆಗೊಳಗಾದ ಗಂಡಸರಲ್ಲಿ ಅದು ಹೆಚ್ಚಾಗಿ ಕಂಡುಬಂತು. ಪತ್ರಿಕೆಗಳು ‘ಹಿಂಸೆಯ ಜೀನ್’ ಎಂದು ಕೂಗುವುದು ಇಂಥಲ್ಲೇ. ಆದರೆ ಅದನ್ನು ಹೊತ್ತವರು ಆ ದೇಶದಲ್ಲಿ ಒಂದು ಲಕ್ಷಕ್ಕೂ ಹೆಚ್ಚು, ಬಹುತೇಕರು ಎಲ್ಲರಂತೆ ಬದುಕುವವರು. ಆ ಅಪರಾಧಗಳಲ್ಲಿ ಹೆಚ್ಚಿನವು ಕುಡಿದ ಅಮಲಿನಲ್ಲಿ ಆದವು. ಜೀನ್ ಜೊತೆಗೆ ಗಂಡಾಗಿರುವುದು, ಮದ್ಯ, ಒತ್ತಡ ಇವೆಲ್ಲ ಕೂಡಿದರೇ ಆ ಚಿತ್ರ.

ಕೇಳಿಬರುವ ಎರಡು ಅನುಮಾನ

ಖಿನ್ನತೆಗೆ ಕೊಡುವ ಎಸ್‌ಎಸ್‌ಆರ್‌ಐ ಮಾತ್ರೆಗಳೂ ಕವಾಟ ಕೆಡಿಸಬೇಕಲ್ಲವೇ ಎಂದು ಜೊತೆಯವರೊಬ್ಬರು ಕೇಳಿದ್ದರು. ಅವು ಕೆಲಸ ಮಾಡುವುದು ಸೆರೊಟೋನಿನ್ ಒಳಗೆಳೆದುಕೊಳ್ಳುವ ಟ್ರಾನ್ಸ್‌ಪೋರ್ಟರ್ ಮೇಲೆ. ನಾರ್‌ಫೆನ್‌ಫ್ಲುರಮೀನ್‌ನಂತೆ ನೇರವಾಗಿ 2ಬಿಯನ್ನು ಎಬ್ಬಿಸುವುದಿಲ್ಲ. ಸೆರೊಟೋನಿನ್ ಹೆಚ್ಚಿಸುವುದು ಬೇರೆ, 2ಬಿಯನ್ನೇ ತಟ್ಟುವುದು ಬೇರೆ.

ಹಾಗಾದರೆ ಫೆನ್‌ಫ್ಲುರಮೀನ್ 2020ರಲ್ಲಿ ಮರಳಿ ಬಂದದ್ದು ಹೇಗೆ? ಡ್ರಾವೆ ಸಿಂಡ್ರೋಮ್ ಎಂಬ, ಮಕ್ಕಳಲ್ಲಿ ಶುರುವಾಗುವ ಉಗ್ರ ಅಪಸ್ಮಾರಕ್ಕೆ. ಪ್ರಮಾಣ ಕಡಿಮೆ, ಜೊತೆಗೆ ನಿಗದಿತ ಅಂತರದಲ್ಲಿ ಎಕೋ (ಹೃದಯದ ಅಲ್ಟ್ರಾಸೌಂಡ್) ಪರೀಕ್ಷೆ ಕಡ್ಡಾಯ. ಬೇರಾವುದಕ್ಕೂ ಬಗ್ಗದ ಸೆಳವಿನ ಎದುರು ಈ ಅಪಾಯವನ್ನು ತೂಗಿ ನೋಡಿ ತೆಗೆದುಕೊಂಡ ತೀರ್ಮಾನ ಅದು, ನನಗೆ ಸರಿಯೆನಿಸುತ್ತದೆ.

ಈಗಿನ ಹೊಸ ತಲೆನೋವು ಎಲ್‌ಎಸ್‌ಡಿಯಂಥ ಭ್ರಮೆ ಹುಟ್ಟಿಸುವ ಸೈಕಡೆಲಿಕ್‌ಗಳದ್ದು. ಅವು ಮುಖ್ಯವಾಗಿ ಎಬ್ಬಿಸುವುದು 2ಎ ರಿಸೆಪ್ಟರ್ ಅನ್ನು. 2ಎ ಮತ್ತು 2ಬಿ ಎಷ್ಟು ಹೋಲುತ್ತವೆಂದರೆ, ಎಲ್‌ಎಸ್‌ಡಿ ರಿಸೆಪ್ಟರ್‌ನಲ್ಲಿ ಹೇಗೆ ಕೂರುತ್ತದೆ ಎಂಬ ಮೊದಲ ಚಿತ್ರ 2017ರಲ್ಲಿ ಸಿಕ್ಕಿದ್ದು 2ಬಿಯಿಂದಲೇ. ಅಣು ಒಳಹೊಕ್ಕ ಮೇಲೆ ರಿಸೆಪ್ಟರ್‌ನ ಹೊರಕುಣಿಕೆಯೊಂದು ಮುಚ್ಚಳದಂತೆ ಮೇಲೆ ಬಂದು ಕೂರುತ್ತದೆ, ಎಲ್‌ಎಸ್‌ಡಿ ಗಂಟೆಗಟ್ಟಲೆ ಸಿಕ್ಕಿಬೀಳುತ್ತದೆ. ಚಿಕಿತ್ಸೆಗಾಗಿ ಒಂದೆರಡು ಸಲ ಕೊಡುವುದಾದರೆ ಕವಾಟದ ಚಿಂತೆ ಅಷ್ಟಿಲ್ಲ, ಏಕೆಂದರೆ ಫೆನ್-ಫೆನ್ ಹಾನಿ ಆದದ್ದು ತಿಂಗಳುಗಟ್ಟಲೆ ತೆಗೆದುಕೊಂಡಾಗ. ಚಿಟಿಕೆಯಷ್ಟೇ ಎಂದು ತಿಂಗಳುಗಟ್ಟಲೆ ಮತ್ತೆ ಮತ್ತೆ ಸೇವಿಸುವ ಮೈಕ್ರೊಡೋಸಿಂಗ್‌ಗೆ ಆ ಸಮಾಧಾನ ಹೇಳಲಾಗುವುದಿಲ್ಲ.