ತಲೆಸುತ್ತು: ಮಿದುಳಿನಿಂದ ಕಿವಿಗೆ, ಕಿವಿಯಿಂದ ಮತ್ತೆ ಮಿದುಳಿಗೆ

ಹತ್ತೊಂಬತ್ತನೆಯ ಶತಮಾನದ ನಡುವಿನವರೆಗೂ ಯಾರಾದರೂ ತಲೆ ಸುತ್ತಿ ಬಿದ್ದರೆ ಯುರೋಪಿನ ವೈದ್ಯರು ಮಿದುಳಿಗೆ ರಕ್ತ ಏರಿದೆ ಎಂದೇ ತೀರ್ಮಾನಿಸುತ್ತಿದ್ದರು. ಜಿಗಣೆ ಹಚ್ಚುತ್ತಿದ್ದರು, ರಕ್ತ ತೆಗೆಯುತ್ತಿದ್ದರು. 1861ರಲ್ಲಿ ಪ್ಯಾರಿಸ್ಸಿನ ಕಿವುಡರ ಸಂಸ್ಥೆಯ ವೈದ್ಯ ಪ್ರೊಸ್ಪೆರ್ ಮೆನಿಯೇರ್ ಇದನ್ನು ಅಲ್ಲಗಳೆದರು. ಕಿವಿ ಗುಂಯ್‌ಗುಟ್ಟಿ, ಕೇಳಿಸುವುದು ಕಡಿಮೆಯಾಗಿ, ಜೊತೆಗೆ ತಲೆಯೂ ಸುತ್ತುತ್ತಿದ್ದರೆ ಕೆಟ್ಟಿರುವುದು ಒಳಗಿವಿ ಎಂದರು. ಅವರ ಕೈಯಲ್ಲಿದ್ದ ದೊಡ್ಡ ಸಾಕ್ಷ್ಯವೆಂದರೆ ಫ್ಲೂರಾನ್ಸ್ ಎಂಬ ವಿಜ್ಞಾನಿ 1820ರ ದಶಕದಲ್ಲಿ ಪಾರಿವಾಳಗಳ ಮೇಲೆ ನಡೆಸಿದ್ದ ಪ್ರಯೋಗ. ಒಳಗಿವಿಯ ಅರ್ಧವೃತ್ತಾಕಾರದ ನಾಳಗಳನ್ನು ಕತ್ತರಿಸಿದಾಗ ಹಕ್ಕಿಗಳಿಗೆ ಕಿವಿ ಕೇಳಿಸುತ್ತಲೇ ಇತ್ತು, ಆಯ ಮಾತ್ರ ತಪ್ಪಿತ್ತು. ಮರುವರ್ಷವೇ ಮೆನಿಯೇರ್ ತೀರಿಕೊಂಡರು. ಅವರ ಮಾತು ನಿಧಾನವಾಗಿ ಒಪ್ಪಿಗೆ ಪಡೆಯಿತು. ಕಿವಿಗೆ ಬಿಸಿ ಅಥವಾ ತಣ್ಣೀರು ಬಿಟ್ಟು ಸಮತೋಲನವನ್ನು ಪರೀಕ್ಷಿಸುವ ವಿಧಾನ ಕಂಡುಕೊಂಡ ರಾಬರ್ಟ್ ಬಾರಾನಿ ಅವರಿಗೆ 1914ರ ನೊಬೆಲ್ ಬಂದಾಗ ಅವರು ರಷ್ಯನ್ನರ ಯುದ್ಧಕೈದಿಯಾಗಿದ್ದರು.

ಈ ಗೆಲುವಿಗೆ ಒಂದು ಬೆಲೆಯೂ ಇತ್ತು. ತಲೆಸುತ್ತು ಕಿವಿಯದ್ದು ಎಂದಾದ ಮೇಲೆ ಅದಕ್ಕೂ ಬುದ್ಧಿಗೂ ಸಂಬಂಧವಿರಬಹುದೆಂದು ಯಾರೂ ಹೆಚ್ಚಾಗಿ ಯೋಚಿಸಲಿಲ್ಲ. ವಯಸ್ಸಾದವರು ಬಿದ್ದರೆ ಮೂಳೆ ವೈದ್ಯರು, ತಲೆ ಸುತ್ತಿದರೆ ಕಿವಿ ವೈದ್ಯರು, ಮರೆತರೆ ನರರೋಗ ತಜ್ಞರು. ಮೂರೂ ಒಬ್ಬರಲ್ಲೇ ಕಂಡಾಗ ‘ವಯಸ್ಸಾಯಿತು’ ಎಂಬ ಒಂದೇ ಮಾತಿನಲ್ಲಿ ಎಲ್ಲವನ್ನೂ ಮುಗಿಸುವುದು ರೂಢಿಯಾಯಿತು.

ಬೇರ್ಪಟ್ಟ ಎಳೆಯನ್ನು ಮತ್ತೆ ಜೋಡಿಸಿದವು ಇಲಿಗಳು. ಹಿಪೊಕ್ಯಾಂಪಸ್ ಎಂಬುದು ಮಿದುಳಿನ ನೆನಪಿನ ಮುಖ್ಯ ಕೇಂದ್ರ. ಇಲಿ ಒಂದು ನಿರ್ದಿಷ್ಟ ಜಾಗಕ್ಕೆ ಬಂದಾಗ ಮಾತ್ರ ಚುರುಕಾಗುವ ಕೋಶಗಳು ಅಲ್ಲಿವೆ ಎಂದು ಜಾನ್ ಓಕೀಫ್ 1971ರಲ್ಲಿ ತೋರಿಸಿದ್ದರು. ತಾನು ಎಲ್ಲಿದ್ದೇನೆ ಎಂಬುದು ಆ ಕೋಶಗಳಿಗೆ ತಿಳಿಯುವುದು ಹೇಗೆ? ಕಣ್ಣಿನಿಂದಷ್ಟೇ ಅಲ್ಲ. 2002ರಲ್ಲಿ ಅಮೆರಿಕದ ಜೆಫ್ರಿ ಟೌಬ್ ಅವರ ತಂಡ ಔಷಧಿಯಿಂದ ಇಲಿಗಳ ಒಳಗಿವಿಯ ಸಮತೋಲನ ಸಂಕೇತವನ್ನು ತಾತ್ಕಾಲಿಕವಾಗಿ ನಿಲ್ಲಿಸಿದಾಗ ಆ ಕೋಶಗಳು ಜಾಗದ ಗುರುತನ್ನೇ ಕಳೆದುಕೊಂಡವು.

ಮನುಷ್ಯರಲ್ಲೂ ಹೀಗೆಯೇ ಆಗುತ್ತದೆಯೇ? ಮ್ಯೂನಿಕ್‌ನ ಥಾಮಸ್ ಬ್ರಾಂಟ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಅಧ್ಯಯನವೇ ಈ ಕಥೆಯ ತಿರುವು. ಎರಡೂ ಕಿವಿಗಳ ಸಮತೋಲನ ಶಕ್ತಿ ಕಳೆದುಕೊಂಡಿದ್ದ ಹತ್ತು ಮಂದಿಯನ್ನು ಅವರು ಎಂಆರ್‌ಐ ಯಂತ್ರದಲ್ಲಿ ನೋಡಿದರು. ಆರೋಗ್ಯವಂತರಿಗೆ ಹೋಲಿಸಿದರೆ ಇವರ ಹಿಪೊಕ್ಯಾಂಪಸ್ ಸುಮಾರು ಶೇ 17ರಷ್ಟು ಕುಗ್ಗಿತ್ತು. ಕಂಪ್ಯೂಟರ್ ಪರದೆಯ ಮೇಲಿನ ಕೊಳದಲ್ಲಿ ಅಡಗಿದ್ದ ಕಟ್ಟೆಯೊಂದನ್ನು ನೆನಪಿನಿಂದ ಹುಡುಕುವ ಆಟದಲ್ಲಿ ಇವರು ದಾರಿ ತಪ್ಪುತ್ತಿದ್ದರು. ಕುರ್ಚಿಯಲ್ಲಿ ಅಲ್ಲಾಡದೆ ಕುಳಿತು ಆಡುವ ಆಟ ಅದು, ಆಯ ತಪ್ಪುವ ಪ್ರಶ್ನೆಯೇ ಇರಲಿಲ್ಲ. ಉಳಿದ ಬಗೆಯ ನೆನಪು ಚೆನ್ನಾಗಿಯೇ ಇತ್ತು. ಕೆಟ್ಟಿದ್ದದ್ದು ದಿಕ್ಕಿನ, ಜಾಗದ ನೆನಪು.

ಇನ್ನೊಂದು ಸುಳಿವು ನಡಿಗೆಯಿಂದ ಬಂದಿತ್ತು. 1997ರಲ್ಲಿ ಸ್ವೀಡನ್ನಿನ ಸಂಶೋಧಕರು 58 ವೃದ್ಧರ ಜೊತೆ ನಡೆಯುತ್ತಾ ಮಾತಿಗಿಳಿದರು. ಮಾತನಾಡಲೆಂದು ನಿಂತುಬಿಟ್ಟವರು 12 ಮಂದಿ. ಆರು ತಿಂಗಳೊಳಗೆ ಅವರಲ್ಲಿ 10 ಮಂದಿ ಬಿದ್ದಿದ್ದರು. ಇಷ್ಟು ಅಗ್ಗದ, ಇಷ್ಟು ಚೊಕ್ಕ ಪರೀಕ್ಷೆ ವೈದ್ಯಕೀಯದಲ್ಲಿ ಅಪರೂಪ. ಬೀಳದಂತೆ ನಿಲ್ಲುವುದಕ್ಕೂ ಗಮನ ಬೇಕು. ಕಿವಿಯ ಸಂಕೇತ ಮಸುಕಾದಷ್ಟೂ ಹೆಚ್ಚು ಬೇಕು. ಆಮೇಲೆ ಯೋಚನೆಗೆ, ಮಾತಿಗೆ ಉಳಿಯುವುದು ಕಡಿಮೆ.

ತೊಂದರೆಯೂ ವಿರಳವೇನಲ್ಲ. ಅಮೆರಿಕದಲ್ಲಿ 2001ರಿಂದ 2004ರವರೆಗೆ ನಡೆದ ರಾಷ್ಟ್ರೀಯ ಸಮೀಕ್ಷೆಯಲ್ಲಿ 40 ದಾಟಿದವರನ್ನು ಕಣ್ಣು ಮುಚ್ಚಿ ಮೆತ್ತನೆಯ ಫೋಮಿನ ಮೇಲೆ ನಿಲ್ಲಿಸಿದರು. ಶೇ 35ರಷ್ಟು ಮಂದಿಯಲ್ಲಿ ಒಳಗಿವಿಯ ಸಮತೋಲನ ದೋಷದ ಲಕ್ಷಣ ಕಂಡಿತು. ಇಂಥ ದೋಷವಿರುವ ಹಿರಿಯರು ಜಾಗ ಮತ್ತು ದಿಕ್ಕಿನ ಪರೀಕ್ಷೆಗಳಲ್ಲಿ ಹಿಂದೆ ಬೀಳುತ್ತಾರೆಂದು ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಯೂರಿ ಅಗ್ರವಾಲ್ ಅವರ ತಂಡ ನಂತರ ತೋರಿಸಿತು.

ಹಾಗೆಂದು ತಲೆಸುತ್ತು ಬಂದವರೆಲ್ಲ ಮರೆಗುಳಿತನದ ದಾರಿ ಹಿಡಿದಿದ್ದಾರೆ ಎಂದು ಹೆದರಿಸುವ ಬರಹಗಳು ನನಗೆ ಒಪ್ಪಿಗೆಯಿಲ್ಲ. ಒಂದೇ ಕಿವಿಯ ಸಮತೋಲನ ಹೋದವರ ಮಿದುಳನ್ನು ಮ್ಯೂನಿಕ್ ತಂಡವೇ ಮುಂದೆ ನೋಡಿದಾಗ ಅಂಥ ಕುಗ್ಗುವಿಕೆ ಕಾಣಲಿಲ್ಲ. ಮಿದುಳಿನ ಸಣ್ಣ ರಕ್ತನಾಳಗಳು ಹಾಳಾದರೆ ನಡಿಗೆ, ನೆನಪು ಎರಡೂ ಒಟ್ಟಿಗೇ ಕೆಡುತ್ತವೆ, ಅದರಲ್ಲಿ ಕಿವಿಯ ತಪ್ಪೇನೂ ಇರುವುದಿಲ್ಲ. ಬೀಳುವ ಭಯಕ್ಕೆ ಮನೆಯಲ್ಲೇ ಉಳಿದವರ ಓಡಾಟ, ಒಡನಾಟಗಳು ನಿಲ್ಲುತ್ತವೆ. ಅದೂ ಬುದ್ಧಿಯನ್ನು ಮಂಕಾಗಿಸಬಲ್ಲದು. ಡಿಮೆನ್ಷಿಯಾ ಅಂದರೆ ಮರೆಗುಳಿತನದ ಅಪಾಯ ಹೆಚ್ಚಿಸುವ, ತಡೆಯಬಹುದಾದ 14 ಅಂಶಗಳನ್ನು ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯ ಆಯೋಗ 2024ರಲ್ಲಿ ಪಟ್ಟಿ ಮಾಡಿತು. ಅದರಲ್ಲಿ ಕಿವುಡುತನವಿದೆ, ಸಮತೋಲನ ದೋಷ ಇಲ್ಲ.

ಆದರೆ ಈ ಸಂಬಂಧಕ್ಕೆ ಇನ್ನೊಂದು ಬದಿಯಿದೆ, ಅದನ್ನು ಹೇಳುವವರು ಕಡಿಮೆ. ಹಿರಿಯರ ತಲೆಸುತ್ತಿಗೆ ಬಹಳ ಸಾಮಾನ್ಯ ಕಾರಣವೊಂದು, ಒಳಗಿವಿಯ ಸಣ್ಣ ಸುಣ್ಣದ ಹರಳುಗಳು ಜಾಗ ಬಿಟ್ಟು ನಾಳದೊಳಗೆ ಸೇರುವುದು. ಮಲಗಿಸಿ ತಲೆಯನ್ನು ಕ್ರಮವಾಗಿ ತಿರುಗಿಸಿದರೆ ಹೆಚ್ಚಿನವರಲ್ಲಿ ಅವು ಹೊರಬರುತ್ತವೆ, ಕೆಲವೇ ನಿಮಿಷದ ಕೆಲಸ. ಅದನ್ನು ಮಾಡದೆ ಎಷ್ಟೋ ಮಂದಿಗೆ ವರ್ಷಗಟ್ಟಲೆ ತಲೆಸುತ್ತಿನ ಮಾತ್ರೆ ನುಂಗಿಸಲಾಗುತ್ತದೆ. ಸಿನ್ನರಿಜಿನ್‌ನಂಥ ಮಾತ್ರೆಗಳು ಮಂಪರು ತರುತ್ತವೆ, ಹಿರಿಯರಲ್ಲಿ ಪಾರ್ಕಿನ್ಸನ್ ಕಾಯಿಲೆಯಂಥದ್ದೇ ನಡುಕ, ನಿಧಾನಗತಿಯನ್ನೂ ತರಬಲ್ಲವು. ಹೀಗೆ ಮಂಕಾದವರನ್ನು ನೆನಪಿನ ಪರೀಕ್ಷೆಗೆ ಕೂರಿಸುವ ಮೊದಲು ಅವರ ಮಾತ್ರೆಯ ಡಬ್ಬಿಯನ್ನು ತೆರೆದು ನೋಡಬೇಕಾಗುತ್ತದೆ.