ಬೆಳಿಗ್ಗೆ ಟಿಕ್ ಟಿಕ್, ಬಿಸಿಯಾದ ಮೇಲೆ ಸದ್ದಿಲ್ಲ: ಕಾರಿಗೆ ಏನಾಗಿದೆ?

ಪ್ರಶ್ನೆ: ನನ್ನದು 12 ವರ್ಷದ ಪೆಟ್ರೋಲ್ ಕಾರು. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಬಾನೆಟ್ ಒಳಗಿಂದ ಟಿಕ್ ಟಿಕ್ ಸದ್ದು ಬರುತ್ತೆ. ನಾಲ್ಕೈದು ಕಿಲೋಮೀಟರ್ ಹೋಗುವಷ್ಟರಲ್ಲಿ ನಿಲ್ಲುತ್ತೆ. ಟ್ಯಾಪೆಟ್ (ವಾಲ್ವ್ ಒತ್ತುವ ಭಾಗ) ಸೆಟ್ಟಿಂಗ್ ಮಾಡಿಸಿದರೂ ಹೋಗಲಿಲ್ಲ. ತಾನಾಗಿ ನಿಲ್ಲುವ ಸದ್ದು ತಾನೇ, ಹಾಗೇ ಬಿಡಬಹುದಾ?

ಉತ್ತರ: ಬಿಡಬೇಡಿ. ಈ ಲಕ್ಷಣಕ್ಕೆ ಮೊದಲು ನೋಡಬೇಕಾದ್ದು ಎಕ್ಸಾಸ್ಟ್ ಮ್ಯಾನಿಫೋಲ್ಡ್. ಎಲ್ಲ ಸಿಲಿಂಡರಿನ ಹೊಗೆಯನ್ನು ಒಂದು ಕೊಳವೆಗೆ ಕೂಡಿಸಿ ಸೈಲೆನ್ಸರ್ ಕಡೆಗೆ ಕಳಿಸುವ ಭಾಗ ಅದು. ಹಳೆಯ ಕಾರುಗಳಲ್ಲಿ ಸಾಮಾನ್ಯವಾಗಿ ಬೀಡಿನದು, ಅಂದರೆ ಎರಕದ ಕಬ್ಬಿಣದ್ದು. ಅದನ್ನು ಬಿಗಿದಿರುವ ಹೆಡ್ (ಸಿಲಿಂಡರುಗಳ ಮೇಲೆ ಮುಚ್ಚಳದಂತೆ ಕೂತ ಭಾಗ) ಅಲ್ಯೂಮಿನಿಯಮ್ಮಿನದು. ಕಾದಾಗ ಎರಡೂ ಒಂದೇ ಅಳತೆಗೆ ಹಿಗ್ಗುವುದಿಲ್ಲ. ವರ್ಷಗಟ್ಟಲೆ ಈ ಎಳೆದಾಟ ನಡೆದು ಎರಡರ ನಡುವೆ ಸೋರದಂತೆ ಹಾಕಿದ ಗ್ಯಾಸ್ಕೆಟ್ ಸವೆಯುತ್ತೆ, ಬೀಡು ಬಿರುಕು ಬಿಡುತ್ತೆ, ಮ್ಯಾನಿಫೋಲ್ಡನ್ನು ಹೆಡ್ಡಿಗೆ ಬಿಗಿಯುವ ಬೋಲ್ಟ್, ಅಂದರೆ ಸ್ಟಡ್, ಮುರಿಯುತ್ತೆ. ಹೆಚ್ಚಾಗಿ ಮುರಿಯುವುದು ಎರಡು ತುದಿಯ ಸ್ಟಡ್‌ಗಳೇ, ಏಕೆಂದರೆ ಜರುಗಾಟ ಅಲ್ಲೇ ಜಾಸ್ತಿ. ಎಂಜಿನ್ ತಣ್ಣಗಿದ್ದಾಗ ಆ ಸಂದಿಯಿಂದ ಹೊಗೆ ಚಿಮ್ಮುವ ಸದ್ದು ನಿಮಗೆ ಕೇಳುತ್ತಿದೆ. ಲೋಹ ಕಾದು ಹಿಗ್ಗಿದಾಗ ಸಂದಿ ಮುಚ್ಚಿಕೊಳ್ಳುತ್ತೆ, ಅಷ್ಟೇ.

ಟ್ಯಾಪೆಟ್ ಸದ್ದಿಗೂ ಇದಕ್ಕೂ ಹೀಗೆ ವ್ಯತ್ಯಾಸ ಹಿಡಿಯಬಹುದು: ಏರಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಸೋರಿಕೆಯ ಸದ್ದು ಜೋರಾಗುತ್ತೆ. ಆಯಿಲ್ ಒತ್ತಡದಲ್ಲಿ ಕೆಲಸ ಮಾಡುವ ಹೈಡ್ರಾಲಿಕ್ ಟ್ಯಾಪೆಟ್ ಆಗಿದ್ದರೆ ಆಯಿಲ್ ಏರಿದ ಕೂಡಲೇ, ಸಾಮಾನ್ಯವಾಗಿ ಕೆಲವೇ ಕ್ಷಣದಲ್ಲಿ ಸುಮ್ಮನಾಗುತ್ತೆ. ರಾತ್ರಿಯಿಡೀ ತಣ್ಣಗಾದ ಎಂಜಿನ್ನಿನ ಬಾನೆಟ್ ಎತ್ತಿ, ಮ್ಯಾನಿಫೋಲ್ಡ್ ಮೇಲಿನ ಶಾಖ ತಡೆಯುವ ತಗಡು (ಹೀಟ್ ಶೀಲ್ಡ್) ಬಿಚ್ಚಿ, ಟಾರ್ಚ್ ಹಾಕಿ ನೋಡಿ. ಹೆಡ್ಡಿಗೆ ಕೂತ ಅಂಚಿನಲ್ಲಿ ಬೀಸಣಿಗೆಯ ಹಾಗೆ ಹರಡಿದ ಕಪ್ಪು ಮಸಿ ಕಂಡರೆ ಜಾಗ ಸಿಕ್ಕಿತು. ಕಾಣದಿದ್ದರೆ ಬಯಲಿನಲ್ಲಿ ಸ್ಟಾರ್ಟ್ ಮಾಡಿ, ಗ್ಯಾಸ್ಕೆಟ್ ಅಂಚಿಗೆ ಸೋಪಿನ ನೀರು ಹಚ್ಚಿ. ಸೋರುವಲ್ಲಿ ಗುಳ್ಳೆ ಏಳುತ್ತೆ. ಒಂದೆರಡು ನಿಮಿಷದಲ್ಲೇ ಲೋಹ ಕೈ ಸುಡುವಷ್ಟು ಕಾಯುವುದರಿಂದ ಬೇಗ ಮುಗಿಸಿ.

ನಾನು ಇಷ್ಟು ಒತ್ತಿ ಹೇಳಲು ಕಾರಣ ಸದ್ದಲ್ಲ. ಆ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಬಾನೆಟ್ ಒಳಗೆ ಸೋರಿದ್ದು ವೈಪರ್ ಬುಡದ ಗಾಳಿಕಿಂಡಿಯಿಂದ ಒಳಗೆ ಬರಬಹುದು. ಪ್ರಯಾಣದಲ್ಲಿ ಮಕ್ಕಳಿಗೆ ತಲೆನೋವು, ಮಂಪರು ಬಂದರೆ ಕಾರು ನಿಲ್ಲಿಸಿ, ಎಲ್ಲರನ್ನೂ ಇಳಿಸಿ. ಮೈಲೇಜಿಗೂ ಪೆಟ್ಟು ಬೀಳುತ್ತೆ: ಸಂದಿಯಿಂದ ಹೊರಗಿನ ಗಾಳಿ ಒಳಗೆಳೆದುಕೊಂಡಾಗ ಹೊಗೆಯಲ್ಲಿನ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರ್ ಪೆಟ್ರೋಲ್ ಸಾಲುತ್ತಿಲ್ಲ ಎಂದು ತಪ್ಪು ಲೆಕ್ಕ ಕೊಡುತ್ತೆ, ಎಂಜಿನ್ ಕಂಪ್ಯೂಟರ್ ಪೆಟ್ರೋಲನ್ನು ಇನ್ನಷ್ಟು ಸುರಿಯುತ್ತೆ.

ರಿಪೇರಿಯಲ್ಲಿ ಗ್ಯಾಸ್ಕೆಟ್ ಅಗ್ಗ, ಕೂಲಿಯೇ ಹೆಚ್ಚು. ತುಕ್ಕು ಹಿಡಿದ ನಟ್‌ಗಳಿಗೆ ಹಿಂದಿನ ರಾತ್ರಿಯೇ ತುಕ್ಕು ಸಡಿಲಿಸುವ ಎಣ್ಣೆ ಬಿಡಿಸಿ. ಸ್ಟಡ್ ಹೆಡ್ ಒಳಗೇ ಮುರಿದಿದ್ದರೆ ಅದರ ತುದಿಗೆ ನಟ್ ವೆಲ್ಡ್ ಮಾಡಿ ತಿರುಗಿಸಿ ತೆಗೆಯುವ ಕೈ ಪಳಗಿದವರೇ ಬೇಕು. ಕೊರೆದು ತೆಗೆಯಲು ಹೋಗಿ ಡ್ರಿಲ್ ಓರೆಯಾದರೆ ಹೆಡ್ಡೇ ಹಾಳು. ಬಿಚ್ಚಿದ ಮ್ಯಾನಿಫೋಲ್ಡ್ ಮೇಲೆ ಸ್ಕೇಲ್ ಇಟ್ಟು ಫೀಲರ್ ಗೇಜ್ (ಸಂದಿ ಅಳೆಯುವ ತೆಳು ಪಟ್ಟಿ) ತೂರಿಸಿ ನೋಡಿಸಿ. ಸೊಟ್ಟಗಾಗಿದ್ದರೆ ಮಷೀನ್ ಶಾಪಿನಲ್ಲಿ ಮುಖ ಸಮ ಮಾಡಿಸದೆ ಹೊಸ ಗ್ಯಾಸ್ಕೆಟ್ ಹಾಕಿಯೂ ಪ್ರಯೋಜನವಿಲ್ಲ. ಬಿರುಕಿದ್ದರೆ ಮ್ಯಾನಿಫೋಲ್ಡ್ ಬದಲಿಸಿ. ಬೀಡಿನ ವೆಲ್ಡಿಂಗ್ ಸರಿಯಾಗಿ ಕಾಯಿಸಿ ನಿಧಾನವಾಗಿ ತಣಿಸದಿದ್ದರೆ ಪಕ್ಕದಲ್ಲೇ ಮತ್ತೆ ಬಿರುಕು ಬಿಡುತ್ತೆ. ಎಪಾಕ್ಸಿ ಪೇಸ್ಟ್ ಆ ಶಾಖಕ್ಕೆ ನಿಲ್ಲುವುದೇ ಇಲ್ಲ.

ಬಿಗಿಯುವಾಗ ನಡುವಿನಿಂದ ತುದಿಯ ಕಡೆಗೆ, ಬಿಗಿತವನ್ನು ಅಳೆದು ತಿರುಗಿಸುವ ಟಾರ್ಕ್ ರೆಂಚಿನಲ್ಲಿ. ಮರುದಿನ ಬೆಳಿಗ್ಗೆ ನೀವೇ ಸ್ಟಾರ್ಟ್ ಮಾಡಿ ಕೇಳಿ, ಆಮೇಲೆ ಪೂರ್ತಿ ದುಡ್ಡು ಕೊಡಿ.